ಆ ಬೈಠಕ್ ಯಾರದು?

"ಗಾಣಾ-ಬಜಾನಾ ಕೇಳಿದ್ರ ಲಂಚ ಆಗ್ತೈತೇನೋ?" ಎಂದು ನಮ್ಮ ಹಿರಿಯ ವಕೀಲರು ಫೈಲನ್ನು ನನ್ನ ಮುಂದೆ ಎಸೆದರು. ಅವರು ಧಾರವಾಡದಲ್ಲಿ ಸರ್ಕಾರಿ ವಕೀಲರು. ನಾನು ಅವರ ಕೈಕೆಳಗಿನ ಕಿರಿಯ. ಬೇಡವಾದ ಕೆಲಸವೆಲ್ಲ ನನ್ನ ಪಾಲಿಗೆ ಬರುತ್ತಿತ್ತು. ಇದಂತೂ ಯಾರಿಗೂ ಬೇಡವಾದದ್ದು. ಒಂದು ಮುನಸಿಪಾಲ್ಟಿಯ ಅಧ್ಯಕ್ಷರು ನಡೆದುಕೊಂಡ ರೀತಿ ಕಾಯಿದೆಯ ಪ್ರಕಾರ ಲಂಚ ಎನಿಸಿಕೊಳ್ಳುತ್ತದೆಯೋ ಇಲ್ಲವೋ, ವಿಚಾರಿಸಿ ಅಭಿಪ್ರಾಯ ಬರೆದುಕೊಡಿ ಎಂದು ಕಲೆಕ್ಟರರು ಕೇಳಿದ್ದರು.

ಯಾವ ಮುನಸಿಪಾಲ್ಟಿ ಎಂದು ನಾನು ಹೇಳುವುದಿಲ್ಲ. ಊರಿನವರಿಗೆ ಹೇಳಬೇಕಾಗಿಲ್ಲ, ಪರ ಊರಿನವರಿಗೆ ಬೇಕಾಗಿಲ್ಲ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲಿನ ಮಾತು ಎಂದರೆ ಸಾಕು. ಅಧ್ಯಕ್ಷರು ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದವರು. ಅವರು ಬಜಾರದಲ್ಲಿ ನಡೆದು ಹೋದರೆ ಅಂಗಡಿಯವರು ಗಾದಿ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಯಾರ ಮನೆಯಲ್ಲೂ ಒಂದು ಬಟ್ಟಲು ಚಹಾ ಕುಡಿದವರಲ್ಲ ಎಂಬ ಖ್ಯಾತಿ ಬೇರೆ. ಇಂಥವರ ಮೇಲೆ ಬಿಳಿಯ ಕಲೆಕ್ಟರನ ಪರವಾಗಿ ವಿಚಾರಣೆ ಮಾಡಲು ಹೊರಟ ವಕೀಲನಿಗೆ ಊರು ಆರತಿ ಎತ್ತುತ್ತದೆಯೇ?

ಸಂಗತಿ ಇಷ್ಟು. ಪೇಟೆಯ ನಡುವೆ, ಅಧ್ಯಕ್ಷರ ಮನೆಯ ಹಿಂಬದಿಗೆ, ಮುನಸಿಪಾಲ್ಟಿ ಜಾಗದಲ್ಲಿ ತಾಮ್ರದ ಹಂಡೆ, ಕೊಡ ಬಡಿಯುವವರ ಅಂಗಡಿಗಳ ಒಂದು ಸಾಲು. ಎಲ್ಲರೂ ಮುಸಲ್ಮಾನರು. ಅಜ್ಜಂದಿರ ಕಾಲದಿಂದ ವರ್ಷಾವರ್ಷ ಪರವಾನಿಗಿ ಪಡೆದು ಅಲ್ಲೇ ಕೂತವರು. ಆ ವರ್ಷ ಮುನಸಿಪಾಲ್ಟಿ ಠರಾವು ಮಾಡಿತು: ಗದ್ದಲದಿಂದ ನಾಗರಿಕರಿಗೆ ತೊಂದರೆ, ಆದ್ದರಿಂದ ಪರವಾನಿಗಿ ಇನ್ನು ಮುಂದೆ ಇಲ್ಲ, ಬೇಕಾದರೆ ಹಳ್ಳದ ಆಚೆ ಊರ ಹೊರಗೆ ಜಾಗ ಕೊಡಲಾಗುವುದು. ಖಾಲಿಯಾಗುವ ಜಾಗ ಹುಬ್ಬಳ್ಳಿಯ ಒಬ್ಬ ಹತ್ತಿ ಸಾಹುಕಾರನ ದಾಸ್ತಾನಿನ ವಖಾರಕ್ಕೆ. ಠರಾವಾದ ಸ್ವಲ್ಪ ದಿನಕ್ಕೆ ಅಧ್ಯಕ್ಷರ ಮನೆಯ ಪಡಸಾಲೆಯಲ್ಲಿ ಗಾಯನದ ಬೈಠಕ್ ಆಯಿತು. ಹಾಡಿದವರು ಪುಣೆ, ಮುಂಬೈಗಳಲ್ಲಿ ಹೆಸರಾದ ಖಾನ್‌ಸಾಹೇಬರೊಬ್ಬರು. ಅವರನ್ನು ಕರೆಸಿದ ಖರ್ಚು ಪೂರ್ತಿ ಹತ್ತಿ ಸಾಹುಕಾರನದು.

ಬಡಿಯುವವರ ಹಿರಿಯ ಒಬ್ಬ ಮುದುಕ. ಎಲ್ಲರೂ ಅವನನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವನಿಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ.

"ತೂತು ಬಿದ್ದ ಹಂಡೆ ಹೊತ್ಕೊಂಡು ಹಳ್ಳದ ಆಚಿಗೆ ಯಾರ್ ಬರ್ತಾರ್ರಿ, ವಕೀಲ್ ಸಾಬ್?" ಎಂದ. "ಹೆಣ್ಮಕ್ಳು ಸಂತಿಗೆ ಬಂದಾಗ ಕೊಡ ಇಟ್ಟು ಹೋಗ್ತಾರ, ತಿರುಗಿ ಹೋಗೂವಾಗ ಒಯ್ತಾರ. ನಮ್ಮ ಧಂದೆ ಅಂದ್ರ ಅಷ್ಟ. ಪ್ಯಾಟ್ಯಾಗ ಇದ್ರ ಧಂದೆ, ಅಡವ್ಯಾಗ ಇದ್ರ ಉಪಾಸ."

"ಬೈಠಕ್ ಆದ ದಿನ ನೀವೆಲ್ಲಿದ್ರಿ?"

"ಇಲ್ಲೇ ಸುಮ್ನ ಕುಂತಿದ್ವಿ. ಮುಂಜಾನಿ ಮುನಸಿಪಾಲ್ಟಿ ಪಟ್ಟೇವಾಲಾ ಬಂದು, ಇವತ್ತು ಬಡ್ಯಾಕ ಹೋಗಬ್ಯಾಡ್ರಿ, ಅಧ್ಯಕ್ಷರ ಮನ್ಯಾಗ ಗಾಣಾ ಐತಿ ಅಂದ. ಭಾನುವಾರ ಮಧ್ಯಾನದ ಬೈಠಕ್. ಬಡಿಲಿಲ್ಲ. ಗೋಡಿ ಆಚಿಗೆ ಕೇಳಸ್ತಿತ್ತು, ನಾವೂ ಕೇಳಿದ್ವಿ." ಸುತ್ತಿಗೆ ಎತ್ತಿಕೊಳ್ಳುತ್ತ, "ಛಲೋ ಹಾಡಿದ್ರು," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಅವನ ಪಾಲಿನದೂ ಸೇರಿ ಸಿಟ್ಟು ಬಂತು.

ಅಲ್ಲಿಂದ ಟಾಂಗಾ ಹಿಡಿಯಲು ಬಂದರೆ ಮಾಸ್ತರರು ಎದುರಾದರು. ಅವರು ನನಗೆ ಇಂಗ್ಲಿಷ್ ಸಾಲೆಯಲ್ಲಿ ಕಲಿಸಿದವರು. ನಿವೃತ್ತಿಯಾದ ಮೇಲೆ ಮುನಸಿಪಾಲ್ಟಿಯ ಸಭಾಸದರಾಗಿದ್ದರು. ಆ ಠರಾವಿಗೆ ಕೈ ಎತ್ತಿದವರು, ಆ ಬೈಠಕ್ಕಿನಲ್ಲಿ ಕೂತವರು. ಬಜಾರದ ನಡುವೆ, ನಾಲ್ಕು ಮಂದಿಯ ಎದುರು ಮಾತಾಡಿಸಿದರು.

"ಏನೋ, ಬಿಳೆ ದೊರಿ ಕಡಿಂದ ಬಂದೀಯಂತ? ಜೈಲಿನ್ಯಾಗ ಅಂಬಲಿ ಕುಡದ ಮನಶಾನ ಮ್ಯಾಲ ಲಂಚದ ಖಟ್ಲೆ ಹಾಕ್ತೀಯೇನು?"

"ಖಟ್ಲೆ ಹಾಕಿಲ್ರಿ, ಸರ್. ವಿಚಾರ ಮಾಡಾಕತ್ತೇನಿ."

"ನಿನಗ ಅಕ್ಷರ ಕಲಿಸಿದ್ದು ನಂದ ತಪ್ಪು," ಎಂದು ಉಗುಳಿ ನಡೆದರು. ಉಗುಳಿದ್ದು ನೆಲದ ಮೇಲೆಯೇ. ಆದರೆ ಟಾಂಗಾದವನು ಕೂಡ ಅದಾದ ಮೇಲೆ ನನ್ನನ್ನು ಹತ್ತಿಸಿಕೊಳ್ಳಲಿಲ್ಲ. ಸ್ಟೇಶನ್ನಿನ ತನಕ ನಡೆದೇ ಹೋದೆ, ಹಲ್ಲು ಕಡಿಯುತ್ತ.

ಧಾರವಾಡಕ್ಕೆ ಮರಳಿ, ಸಪ್ತಾಪುರದ ನನ್ನ ಬಾಡಿಗೆ ಕೋಣೆಯಲ್ಲಿ ಪೀನಲ್ ಕೋಡು ಬಿಚ್ಚಿ ಕೂತೆ. ನೂರಾ ಅರವತ್ತೊಂದನೆಯ ಕಲಮನ್ನು ತುಂಡು ತುಂಡಾಗಿ ಬಿಡಿಸಿಕೊಂಡೆ. ಮೊದಲನೆಯದು, ಆರೋಪಿ ಸಾರ್ವಜನಿಕ ನೌಕರನಾಗಿರಬೇಕು. ಅಧ್ಯಕ್ಷರಿಗೆ ಪಗಾರವಿಲ್ಲ, ಅವರು ನೌಕರರು ಹೇಗಾದಾರು ಎಂದು ಊರಲ್ಲಿ ವಾದಿಸುತ್ತಿದ್ದರು. ಅದು ಹುಲ್ಲುಕಡ್ಡಿಯಷ್ಟೂ ನಿಲ್ಲದ ವಾದ. ಮುನಸಿಪಾಲ್ಟಿಯ ಸಭಾಸದನನ್ನು ಕೋಡು ತಾನೇ ಉದಾಹರಣೆಯಾಗಿ ಹೆಸರಿಸಿದೆ. ಎರಡನೆಯದು, ಅವನು ಕಾಯಿದೆಬದ್ಧ ಪಗಾರವಲ್ಲದ ಯಾವುದೋ ಸಂತೋಷವನ್ನು ಪಡೆದಿರಬೇಕು. ಅದು ಹಣವೇ ಆಗಿರಬೇಕೆಂದಿಲ್ಲ, ಹಣದಲ್ಲಿ ಬೆಲೆ ಕಟ್ಟುವಂಥದೂ ಆಗಿರಬೇಕಿಲ್ಲ. ಈ ಮಾತು ಓದಿದಾಗ ನಾನು ಒಬ್ಬನೇ ಜೋರಾಗಿ ನಕ್ಕೆ. ಕಲಕತ್ತೆಯಲ್ಲಿ ಕೂತು ಕಾಯಿದೆ ಬರೆದ ಬಿಳಿಯರಿಗೆ ನಮ್ಮ ಅಧ್ಯಕ್ಷರ ಕಿವಿಯ ಚಪಲ ಗೊತ್ತಿದ್ದಂತಿತ್ತು. ಮೂರನೆಯದು, ಆ ಸಂತೋಷ ಸರ್ಕಾರಿ ಕೆಲಸ ಮಾಡಿಕೊಡಲು ಆಸೆಯಾಗಿ ಅಥವಾ ಮಾಡಿಕೊಟ್ಟದ್ದಕ್ಕೆ ಇನಾಮಾಗಿ ಬಂದಿರಬೇಕು. ಮಾಡಿದ ಕೆಲಸ ನ್ಯಾಯವಾದದ್ದೇ ಆಗಿದ್ದರೂ ಇನಾಮು ಪಡೆದರೆ ಗುನ್ನೆ ಗುನ್ನೆಯೇ. ಆದ್ದರಿಂದ ಗದ್ದಲ ಖರೆಯೋ ಸುಳ್ಳೋ ಎಂಬ ಪ್ರಶ್ನೆ ನನಗೆ ಸಂಬಂಧಪಟ್ಟದ್ದಲ್ಲ.

ಕಾಗದದ ಮೇಲೆ ಎಲ್ಲ ಸಲೀಸಾಗಿತ್ತು. ಹತ್ತಿ ಸಾಹುಕಾರ ಅದನ್ನು ಕೆಡಿಸಿದ. ಹುಬ್ಬಳ್ಳಿಯ ಅವನ ಗಾದಿಗೆ ಹೋದಾಗ ಮುಖದ ತುಂಬ ನಗು ಇಟ್ಟುಕೊಂಡು, ಕೂಡಿಸಿ, ಎಲೆ ಅಡಿಕೆ ಮುಂದಿಟ್ಟ. ನಾನು ಮುಟ್ಟಲಿಲ್ಲ.

"ಬೈಠಕ್ ನಂದ್ರಿ, ವಕೀಲ್ರ," ಎಂದ. "ಮುಂಗಡ ಸುಪಾರಿ ಕೊಟ್ಟು ಕರಿಸಿದಾವ ನಾನ. ನಮ್ಮ ಮನ್ಯಾಗ ಹತ್ತಿ ಅಂಡಗಿ ತುಂಬ್ಯಾವು, ಮಂದಿ ಕುಂಡ್ರಾಕ ಜಾಗಾ ಇಲ್ಲ. ಅಧ್ಯಕ್ಷರ ಪಡಸಾಲಿ ದೊಡ್ಡದೈತಿ, ಒಂದು ದಿವಸದ ಮಟ್ಟಿಗೆ ಕೇಳಿ ತಗೊಂಡ್ನಿ. ಅವ್ರು ಎಲ್ಲಾರಂಗ ಬಂದು ಕೇಳಿದ್ರು. ತಮ್ಮ ಮನ್ಯಾಗ ತಾವು ಕುಂಡ್ರೂದೂ ಗುನ್ನೆ ಏನ್ರಿ?"

ಯಾರೋ ಬಲ್ಲವರು ಅವನಿಗೆ ಪಾಠ ಹೇಳಿಕೊಟ್ಟಿದ್ದರು. ಬೈಠಕ್ ಸಾಹುಕಾರನದಾದರೆ ಅಧ್ಯಕ್ಷರು ಬರೀ ಅತಿಥಿ, ಸಾಹುಕಾರನಿಂದ ಅವರಿಗೆ ಸಿಕ್ಕದ್ದು ಏನೂ ಇಲ್ಲ. ಅಧ್ಯಕ್ಷರದಾದರೆ, ಅವರ ಬೈಠಕ್ಕಿನ ಖರ್ಚನ್ನು ಇನ್ನೊಬ್ಬ ಹೊತ್ತಂತಾಯಿತು, ಅದೂ ಠರಾವಿನಿಂದ ಲಾಭ ಪಡೆದವನೇ ಹೊತ್ತಂತಾಯಿತು. ಇಡೀ ಕಲಂ ಬಂದು ಒಂದೇ ಪ್ರಶ್ನೆಗೆ ನೇತುಬಿತ್ತು: ಆ ಬೈಠಕ್ ಯಾರದು?

ಅಧ್ಯಕ್ಷರನ್ನು ಕಾಣಲು ಹೋಗುವಾಗ ನನಗೆ ಒಂದು ಗೊತ್ತಿತ್ತು. ನೇರವಾಗಿ ಕೇಳಿದರೆ ಅವರೂ ಸಾಹುಕಾರನ ಪಾಠವನ್ನೇ ಒಪ್ಪಿಸುತ್ತಾರೆ. ಆದರೆ ನಮ್ಮ ಕಡೆಯ ಗಾಣಾದ ಹುಚ್ಚಿನವರನ್ನು ನಾನು ಸಣ್ಣಂದಿನಿಂದ ನೋಡಿದ್ದೇನೆ. ಅವರಿಗೆ ಹೊಲ ಹೋದರೂ ನಡೆದೀತು, ಬೈಠಕ್ಕಿನಲ್ಲಿ ತಮ್ಮ ಜಾಗ ಹೋಗಬಾರದು. ಯಜಮಾನ ಗವಾಯಿಯ ಎದುರಿಗೆ ಕೂತಿರುತ್ತಾನೆ. ಗವಾಯಿ ತಂಬೂರಿ ಕೂಡಿಸಿಕೊಂಡು, ಅವನತ್ತ ನೋಡಿ ಅಪ್ಪಣೆ ಕೇಳಿ ಶುರು ಮಾಡುತ್ತಾನೆ. ಆ ಒಂದು ನೋಟಕ್ಕಾಗಿ ಮನೆ ಒತ್ತೆಯಿಟ್ಟವರನ್ನು ನಾನು ಬಲ್ಲೆ.

ಅಧ್ಯಕ್ಷರು ನನಗೆ ಕೂರಿ ಎನ್ನಲಿಲ್ಲ. ನಾನೇ ಕೂತೆ. ಬೇಕೆಂತಲೇ ಉದ್ಧಟನಾಗಿ ಮಾತು ತೆಗೆದೆ. "ಸಾಹುಕಾರ್ರ ಬೈಠಕ್ ಬಾಳ ರಂಗೇರಿತ್ತಂತಲ್ರಿ? ಅವರು ನಾಟಕದ ಪದ ಹೇಳ್ರಿ ಅಂತ ಹಟ ಹಿಡದ್ರಂತ, ಖಾನ್‌ಸಾಹೇಬರು ಮುಖ ಸಿಂಡರಿಸಿ ಹೇಳಿದ್ರಂತ?"

ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಈ ಸಲವೂ ಟಾಂಗಾ ಸಿಗದೆ ಸ್ಟೇಶನ್ನಿನಿಂದ ನಡೆದು ಬರುವಾಗ ನಾನೇ ಹುಟ್ಟಿಸಿದ್ದು.

ಅವರ ಮುಖ ಕೆಂಪಾಯಿತು. "ಯಾವ ಸೂಳೆಮಗ ಹೇಳಿದ ನಿಮಗ? ನಾಟಕದ ಪದ? ನನ್ನ ಬೈಠಕ್ಕಿನ್ಯಾಗ? ಮುಲ್ತಾನಿ ರಾಗ ಆತು. ನಾ ಮುಲ್ತಾನಿ ಅಂದೆ, ಅವ್ರು ಮುಲ್ತಾನಿ ಹಾಡಿದ್ರು. ನನ್ನ ಕಡಿ ನೋಡಿ, ಅಪ್ಪಣೆ ಕೇಳಿ ಹಾಡಿದ್ರು. ಆ ಸಾಹುಕಾರ ಎಲ್ಲಿ ಕುಂತಿದ್ದ ಗೊತ್ತೈತೇನು? ಚಪ್ಲಿ ಬಿಟ್ಟಲ್ಲಿ ಕುಂತಿದ್ದ! ಅವನಿಗೆ ಮುಲ್ತಾನಿ ತಿಳಿತೈತೇನು, ಹತ್ತಿಕಾಳು ತಿಳಿತೈತಿ!"

"ಹಂಗಾದ್ರ ಖರ್ಚು ಅವರ್ಯಾಕ ಮಾಡಿದ್ರು?"

"ಜಾಗಾ ಸಿಕ್ತಲ್ಲ, ಆ ಸಂತೋಷಕ್ಕ ಮಾಡಿದ. ನಾ ಏನು ಕೈ ಒಡ್ಡಿ ಬೇಡಿದ್ನೇನು?"

ಹೇಳಿದ ಮೇಲೆ ತಾವೇನು ಹೇಳಿದೆವೆಂಬುದು ಅವರಿಗೆ ಹೊಳೆಯಿತು. ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು. "ಎದ್ದು ಹೋಗ್ರಿ," ಎಂದರು. ನಾನು ಎದ್ದು ಬಂದೆ. ನನಗೆ ಆಗ ಆದದ್ದು ಹಿಗ್ಗು, ಅದನ್ನೇಕೆ ಮುಚ್ಚಿಡಲಿ? ಊರೆಲ್ಲ ಕೈಮುಗಿಯುವ ಮನುಷ್ಯನ ಬಾಯಿಂದಲೇ ಕಲಮಿನ ಉಳಿದೆರಡೂ ತುಂಡು ಹೊರಬಿದ್ದಿದ್ದವು.

ಅಭಿಪ್ರಾಯದಲ್ಲಿ "ಹೌದು, ಇದು ಲಂಚ" ಎಂದು ಮೊದಲು ಬರೆದೆ, ಕಾರಣಗಳನ್ನು ಆಮೇಲೆ ಬರೆದೆ. ಹಿರಿಯರು ಓದಿ, ಕನ್ನಡಕ ತೆಗೆದಿಟ್ಟು, ಸಹಿ ಮಾಡದೆ ಹಾಗೇ ಕಳಿಸಿದರು. ಕೆಲವು ವಾರದ ಮೇಲೆ ಕಲೆಕ್ಟರರು ಕರೆಸಿದರು. ಹಿರಿಯರು ಕುರ್ಚಿಯಲ್ಲಿ, ನಾನು ಅವರ ಹಿಂದೆ ನಿಂತು.

ಕಲೆಕ್ಟರ್ ಸಾಹೇಬ ಎರಡು ಮಾತು ಹೇಳಿದ. ಅಧ್ಯಕ್ಷರು ನಿನ್ನೆದುರು ಅಂದದ್ದಕ್ಕೆ ಸಾಕ್ಷಿ ನೀನೊಬ್ಬನೇ, ಅವರು ಹಾಗೆ ಅಂದೇ ಇಲ್ಲವೆಂದು ಬರೆದುಕೊಟ್ಟಿದ್ದಾರೆ. ಹಾಡು ಕೇಳಿದ್ದಕ್ಕೆ ಖಟ್ಲೆ ಹೂಡಿದರೆ ಮುಂಬೈಯಲ್ಲಿ ನಮ್ಮನ್ನು ನೋಡಿ ನಗುತ್ತಾರೆ, ಆದ್ದರಿಂದ ಸರ್ಕಾರದ ಮಂಜೂರಾತಿ ಕೇಳುವುದಿಲ್ಲ. ಎರಡೂ ವಕೀಲನಿಗೆ ಒಪ್ಪುವ ಮಾತೇ. ಆದರೆ ಹೊರಗೆ ಬಂದ ಮೇಲೆ ಹಿರಿಯರು ಮೂರನೆಯದನ್ನು ಹೇಳಿದರು. ಗವರ್ನರ್ ಸಾಹೇಬರ ಸವಾರಿ ಬರುವುದಿತ್ತು. ಮುನಸಿಪಾಲ್ಟಿಯಿಂದ ಮಾನಪತ್ರ ಕೊಡುವುದಿಲ್ಲ ಎಂದು ಹಟ ಹಿಡಿದಿದ್ದ ಅಧ್ಯಕ್ಷರು ಈಗ ಕೊಡುತ್ತೇವೆ ಎಂದಿದ್ದರು.

"ಹಂಗಾದ್ರ ಇದು ಯಾವ ಕಲಮಿನ್ಯಾಗ ಬರ್ತೈತ್ರಿ, ಸಾಹೇಬ್ರ?" ಎಂದು ಕೇಳಿದೆ.

"ಬಾಯಿ ಮುಚ್ಚು. ನಿನಗ ಮುಂದ ಬರೂದೈತೋ ಇಲ್ಲೋ?"

ಅಷ್ಟರಲ್ಲಿ ಅಂಗಡಿ ಖಾಲಿ ಮಾಡಬೇಕೆಂಬ ನೋಟೀಸು ಚಾಚಾನ ಬಾಗಿಲಿಗೆ ಅಂಟಿಸಿಯಾಗಿತ್ತು. ನಾನು ಆ ರಾತ್ರಿಯೆಲ್ಲ ಹೊರಳಾಡಿದೆ ಎಂದು ಬರೆದರೆ ಸುಳ್ಳಾದೀತು. ಸಿಟ್ಟಿಗೆ ಚೆನ್ನಾಗಿ ನಿದ್ದೆ ಬಂತು. ಬೆಳಿಗ್ಗೆ ಎದ್ದು ಹಿರಿಯರ ಚೇಂಬರಿಗೆ ಹೋಗಿ ನನ್ನ ಪುಸ್ತಕಗಳನ್ನು ಕಟ್ಟಿಕೊಂಡೆ, ಚಾಚಾನ ವಕಾಲತ್ತು ಹಿಡಿಯುತ್ತೇನೆ ಎಂದೆ.

"ಸರ್ಕಾರದ ಉಪ್ಪು ತಿಂದು ಸರ್ಕಾರದ ವಿಚಾರಣಿ ಮಾರ್ಕೊಳ್ಳಾಕ ಹೊಂಟೀಯೇನು?" ಎಂದರು.

"ನಿಮ್ಮ ಕಾಗದ ಒಂದೂ ಮುಟ್ಟೂದಿಲ್ರಿ. ಪ್ರಶ್ನೆ ಕೇಳಾಕ ಕಾಗದ ಬೇಕಾಗಿಲ್ಲ."

ಅವರು ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ಬಾರ್ ರೂಮಿನಲ್ಲಿ ಎದುರಾದರೆ ಗೋಡೆ ನೋಡುತ್ತಿದ್ದರು.

ಚಾಚಾ ಮತ್ತು ಅವನ ಓಣಿಯವರ ಪರವಾಗಿ ಮುನಸಿಪಾಲ್ಟಿಯ ಮೇಲೆ ಸಬ್‌ಜಡ್ಜ್ ಕೋರ್ಟಿನಲ್ಲಿ ದಾವಾ ಹಾಕಿದೆ. ಠರಾವು ದುರುದ್ದೇಶದ್ದು, ಅದನ್ನು ಜಾರಿ ಮಾಡಬಾರದೆಂದು ಮನಾಯಿ ಹುಕುಂ ಬೇಕು, ಇಷ್ಟೇ ಬೇಡಿಕೆ. ತಾತ್ಕಾಲಿಕ ತಡೆ ಸಿಕ್ಕಿತು. ಈಗ ಊರು ಗೊಂದಲಕ್ಕೆ ಬಿತ್ತು. ನಿನ್ನೆಯವರೆಗೆ ನಾನು ಸರ್ಕಾರದ ಚೇಲಾ, ಇವತ್ತು ಸರ್ಕಾರವೇ ನನ್ನನ್ನು ಹೊರಗೆ ಹಾಕಿದೆ ಎಂಬ ಸುದ್ದಿ. ಹಾಗಾದರೆ ಇವನಿಗೆ ಏನು ಬಂತು? ಕೊನೆಗೆ ಮುಸಲ್ಮಾನರು ಕೊಂಡುಕೊಂಡಿದ್ದಾರೆ ಎಂದು ತೀರ್ಮಾನಿಸಿದರು. ಖಾನಾವಳಿಯವನು ನನ್ನ ತಾಟನ್ನು ಬೇರೆ ಇಟ್ಟ. ನಾನು ಖಾನಾವಳಿ ಬದಲಿಸಿದೆ.

ಅಧ್ಯಕ್ಷರಿಗೆ ಸಾಕ್ಷಿ ಸಮನ್ಸ್ ಕಳಿಸಬೇಕೆಂದಾಗ ಚಾಚಾ ಹೆದರಿದ. "ಬ್ಯಾಡ್ರಿ, ಸಾಬ್. ಅವ್ರು ಹಿರೇರು. ಮಂದಿ ನಮ್ಮ ಮ್ಯಾಲ ಬೀಳ್ತಾರ. ಊರಾಗ ಬಾಳೇ ಮಾಡಾವ್ರು ನಾವು, ನೀವು ಧಾರವಾಡಕ್ಕ ಹೋಗಿ ಬಿಡ್ತೀರಿ."

"ಬ್ಯಾಡ ಅಂದ್ರ ಇವತ್ತ ದಾವಾ ತಗೀತೇನಿ, ಚಾಚಾ. ಆದ್ರ ಹಳ್ಳ ದಾಟೂ ಹಾದಿ ಹಿಡೀಬೇಕಾಗ್ತೈತಿ."

ಅವನು ತನ್ನ ಜನರೊಂದಿಗೆ ಕೂತು ಉರ್ದುವಿನಲ್ಲಿ ಬಹಳ ಹೊತ್ತು ಮಾತಾಡಿದ. ಕೆಲವರು ಕೈ ಝಾಡಿಸಿ ಎದ್ದು ಹೋದರು. ಕೊನೆಗೆ ಬಂದು, "ಕರೀರಿ," ಎಂದ. "ಆದ್ರ ಅವ್ರಿಗೆ ಅಪಮಾನ ಆಗೋ ಮಾತು ಕೇಳಬ್ಯಾಡ್ರಿ." ನಾನು ಒಪ್ಪಿಕೊಂಡೆ. ನಾನು ಕೇಳಬೇಕಾದ ಪ್ರಶ್ನೆಯಲ್ಲಿ ಒಂದೂ ಕೆಟ್ಟ ಶಬ್ದವಿರಲಿಲ್ಲ.

ಸಾಕ್ಷಿಯ ದಿನ ಕೋರ್ಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಬೆಂಚುಗಳಲ್ಲಿ ಸಭಾಸದರು, ಅವರಲ್ಲಿ ಮಾಸ್ತರರು. ಹಿಂದೆ ಪೇಟೆಯ ಸಂಗೀತಪ್ರಿಯರೆಲ್ಲ. ಅಧ್ಯಕ್ಷರು ಖಾದಿ ಕೋಟು, ಬಿಳಿ ಟೊಪ್ಪಿಗೆಯಲ್ಲಿ ಕಟಕಟೆ ಹತ್ತಿದಾಗ ಅರ್ಧ ಕೋರ್ಟು ಎದ್ದು ನಿಂತಿತು. ಸಬ್‌ಜಡ್ಜರು ಗದರಿದ ಮೇಲೆ ಕೂತರು. ಪ್ರಮಾಣ ಆಯಿತು.

"ನಿಮ್ಮ ಮನೆಯಲ್ಲಿ ನಡೆದ ಬೈಠಕ್ ಯಾರದು?"

ಈ ಸಲ ಅವರು ಸಿದ್ಧರಾಗಿ ಬಂದಿದ್ದರು. "ಸಾಹುಕಾರರದು. ನಾನು ಜಾಗ ಕೊಟ್ಟಿದ್ದೆ, ಅಷ್ಟೇ."

"ನೀವು ಅಲ್ಲಿ ಏನಾಗಿದ್ದಿರಿ?"

"ಎಲ್ಲರಂತೆ ಕೇಳಲು ಬಂದವನು."

ಹಿಂದೆ ಸಣ್ಣ ಗುಜುಗುಜು ಎದ್ದಿತು. ಅವತ್ತು ಆ ಪಡಸಾಲೆಯಲ್ಲಿ ಕೂತಿದ್ದವರಲ್ಲಿ ಅರ್ಧ ಜನ ಕೋರ್ಟಿನಲ್ಲಿದ್ದರು. ಮುನಸಿಪಾಲ್ಟಿಯ ವಕೀಲರು ನನ್ನತ್ತ ನೋಡಿ ನಕ್ಕರು, ಮುಗಿಯಿತಲ್ಲ ಎಂಬಂತೆ. ಅಧ್ಯಕ್ಷರ ಆ ಉತ್ತರದ ಮೇಲೆಯೇ ದಾವಾ ಬಿದ್ದುಹೋಗುವುದಿತ್ತು. ನನ್ನ ಹತ್ತಿರ ಇನ್ನೊಂದೇ ಪ್ರಶ್ನೆ ಉಳಿದಿತ್ತು.

"ಖಾನ್‌ಸಾಹೇಬರು ಹಾಡು ಶುರು ಮಾಡುವ ಮುಂಚೆ ಯಾರ ಅಪ್ಪಣೆ ಕೇಳಿದರು?"

ಮುನಸಿಪಾಲ್ಟಿಯ ವಕೀಲರು ಎದ್ದು ಇದು ಅಸಂಬದ್ಧ ಎಂದರು. ಸಬ್‌ಜಡ್ಜರು ನಮ್ಮ ಕಡೆಯವರೇ, ನಾಲ್ಕು ಬೈಠಕ್ ಕೂತವರೇ. "ಉತ್ತರ ಹೇಳಿ," ಎಂದರು.

ಅಧ್ಯಕ್ಷರು ಹಿಂದಿನ ಬೆಂಚುಗಳತ್ತ ನೋಡಿದರು. ಸಾಹುಕಾರನ ಅಪ್ಪಣೆ ಎಂದು ಒಂದು ಶಬ್ದ ಹೇಳಿದ್ದರೆ ಅವರು ಪಾರಾಗುತ್ತಿದ್ದರು. ಅದನ್ನು ಹೇಳಲು ಅವರಿಂದ ಆಗಲಿಲ್ಲ. ಕಟಕಟೆಯ ಕಟ್ಟಿಗೆ ಹಿಡಿದುಕೊಂಡು ನಿಂತರು.

"ನೆನಪಿಲ್ಲ," ಎಂದರು ಕೊನೆಗೆ.

ಆಗ ಮುಂದಿನ ಬೆಂಚಿನಿಂದ ಮಾಸ್ತರರು ಎದ್ದರು.

"ನಮಗ ನೆನಪೈತಿ!" ಎಂದರು.

ಸಬ್‌ಜಡ್ಜರು ಮೇಜು ಕುಟ್ಟಿದರು. ಹೀಗೆ ನಡುವೆ ಮಾತಾಡುವಂತಿಲ್ಲ, ಹೇಳುವುದಿದ್ದರೆ ಪ್ರಮಾಣ ಮಾಡಿ ಹೇಳಿ ಎಂದರು. ನಾನು ಅಲ್ಲೇ ಅರ್ಜಿ ಕೊಟ್ಟೆ. ಮಾಸ್ತರರು ಕಟಕಟೆ ಹತ್ತಿ ಎಲ್ಲ ಹೇಳಿದರು: ಖಾನ್‌ಸಾಹೇಬರು ಅಧ್ಯಕ್ಷರ ಅಪ್ಪಣೆ ಕೇಳಿದ್ದು, ಮುಲ್ತಾನಿ ಹೇಳಿಸಿದ್ದು ಅಧ್ಯಕ್ಷರು, ಕೊನೆಗೆ ಶಾಲು ಹೊದಿಸಿದ್ದು ಅಧ್ಯಕ್ಷರು, ಸಾಹುಕಾರ ಚಪ್ಪಲಿಗಳ ಹತ್ತಿರ ಕೂತಿದ್ದ. ಒಂದು ಮಾತನ್ನೂ ಹೆಚ್ಚು ಹೇಳಲಿಲ್ಲ. ಅಧ್ಯಕ್ಷರ ಕಡೆ ಒಮ್ಮೆಯೂ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ.

ಮುನಸಿಪಾಲ್ಟಿಯ ವಕೀಲರು ಮುಂದಿನ ತಾರೀಖು ಕೇಳಿದರು. ಹೊರಗೆ ವರಾಂಡದಲ್ಲಿ ಮಾಸ್ತರರು ಒಬ್ಬರೇ ನಿಂತಿದ್ದರು. ಮಂದಿ ಅವರನ್ನು ಬಳಸಿಕೊಂಡು ಹೋಗುತ್ತಿದ್ದರು. ನಾನು ಹತ್ತಿರ ಹೋಗಿ ಕೈಮುಗಿದೆ.

"ನಿನ್ನ ಮಾರಿ ನೋಡಾಕ ನನಗ ಮನಸಿಲ್ಲ," ಎಂದರು. "ನಿನ್ನ ಸಲುವಾಗಿ ಹೇಳಿಲ್ಲ ನಾ. ಪ್ರಮಾಣ ಮಾಡಿ ಸುಳ್ಳು ಹೇಳಿದ್ದು ಕೇಳಾಕ ಆಗಲಿಲ್ಲ, ಅದಕ್ಕ ಹೇಳ್ದೆ." ಎರಡು ಹೆಜ್ಜೆ ಹೋಗಿ ತಿರುಗಿ, "ಖರ್ಚು ಯಾರದಂತ ನನಗೂ ಗೊತ್ತಿತ್ತು. ಠರಾವಿಗೆ ಕೈ ಎತ್ತಿದ್ದೂ ನಾನ, ಗಾಣಾ ಕೇಳಿದ್ದೂ ನಾನ. ನನ್ನನ್ನ ಯಾವ ಕಲಮಿನ್ಯಾಗ ಹಾಕ್ತಿ?" ಎಂದು ಕೇಳಿದರು.

ಸಮಾಧಾನದ ಒಂದು ಮಾತು ಹೇಳಬಹುದಿತ್ತು. ಕೈಯೊಡ್ಡಿ ಪಡೆದವನು ಬೇರೆ, ಪಕ್ಕದಲ್ಲಿ ಕೂತು ಕೇಳಿದವನು ಬೇರೆ ಎಂದು ಕೋರ್ಟಿನಲ್ಲಿ ನಾನೇ ವಾದಿಸಬಲ್ಲೆ, ಗೆಲ್ಲಲೂ ಬಲ್ಲೆ. ಆದರೆ ಅವರು ವಕೀಲನ ವಾದ ಕೇಳಿರಲಿಲ್ಲ. ನನಗೆ ಅವರ ಮೇಲಿನ ಸಿಟ್ಟೂ ಪೂರ್ತಿ ಇಳಿದಿರಲಿಲ್ಲ.

"ಅದ ಕಲಂರಿ, ಸರ್," ಎಂದೆ.

ಅವರು ತಲೆಯಾಡಿಸಿ ಮೆಟ್ಟಿಲಿಳಿದು ಹೋದರು.

ಮುಂದಿನ ತಾರೀಖು ಬರಲೇ ಇಲ್ಲ. ಮುನಸಿಪಾಲ್ಟಿಯ ಸಭೆಯಲ್ಲಿ ಮಾಸ್ತರರೇ ಠರಾವು ರದ್ದು ಮಾಡುವ ಸೂಚನೆ ತಂದರು. ಕೋರ್ಟಿನಲ್ಲಿ ಕೂತು ಕೇಳಿದ್ದ ಸಭಾಸದರು ತಲೆ ತಗ್ಗಿಸಿ ಕೈ ಎತ್ತಿದರು. ಚಾಚಾನ ಓಣಿ ಪೇಟೆಯಲ್ಲೇ ಉಳಿಯಿತು. ಸಾಹುಕಾರ ವಖಾರವನ್ನು ಬೇರೆ ಕಡೆ ಕಟ್ಟಿಸಿದ. ಅಧ್ಯಕ್ಷರು ಗವರ್ನರರಿಗೆ ಮಾನಪತ್ರ ಓದಿದರು, ಮುದ್ದತ್ತು ಮುಗಿಯುವ ತನಕ ಆ ಕುರ್ಚಿಯಲ್ಲೇ ಕೂತರು. ಅವರ ಮೇಲೆ ಯಾವ ಖಟ್ಲೆಯೂ ಆಗಲಿಲ್ಲ. ಠರಾವು ರದ್ದಾದ ಆ ಸಭೆಯಲ್ಲೇ, ಅದೇ ಮೇಜಿನ ಮೇಲೆ, ರಾಜೀನಾಮೆ ಬರೆದಿಟ್ಟು ಎದ್ದು ಹೋದವರು ಮಾಸ್ತರರೊಬ್ಬರೇ.